ಸ್ಪೈಕ್ ಬದಲಾದದ್ದು ಬರೀ ಪ್ರೀತಿಯಿಂದಲ್ಲ

ಮಾನ್ಯ ಸಂಪಾದಕರೇ,

ಖಳರು ನಾಯಕರಾಗುವ ವಿದೇಶಿ ಸರಣಿಗಳ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಸರಣಿಯ ಸ್ಪೈಕ್‌ನನ್ನು ಪ್ರೀತಿಗೆ ಸೋತು ಒಳ್ಳೆಯವನಾದ ರಕ್ತಪಿಶಾಚಿ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಸರಣಿಯನ್ನು ಗಮನವಿಟ್ಟು ನೋಡಿದವರು ಇದನ್ನು ಒಪ್ಪುವುದು ಕಷ್ಟ. ಪ್ರೀತಿ ಹುಟ್ಟಿದ ಮೇಲೂ ಹೆಚ್ಚುಕಡಿಮೆ ಎರಡು ಸೀಸನ್ ಅವನು ನಂಬಲರ್ಹನಲ್ಲ. ಅವನ ಅತಿ ಹೀನ ಕೃತ್ಯ ನಡೆದದ್ದೂ ಆ ಪ್ರೀತಿಯ ಹೆಸರಿನಲ್ಲೇ.

1997ರ ಸೆಪ್ಟೆಂಬರ್‌ನಲ್ಲಿ, ಎರಡನೇ ಸೀಸನ್‌ನ ಮೂರನೇ ಎಪಿಸೋಡ್‌ನಲ್ಲಿ ಸ್ಪೈಕ್ ಸನ್ನಿಡೇಲ್ ಊರಿನ ಸ್ವಾಗತ ಫಲಕಕ್ಕೆ ಕಾರು ಗುದ್ದಿಕೊಂಡೇ ಒಳಗೆ ಬರುತ್ತಾನೆ. ಅದಕ್ಕೂ ಮೊದಲು ಇಬ್ಬರು ಸ್ಲೇಯರ್‌ಗಳನ್ನು, ಅಂದರೆ ನಾಯಕಿ ಬಫಿಯಂತೆ ರಕ್ತಪಿಶಾಚಿಗಳನ್ನು ಬೇಟೆಯಾಡುವವರನ್ನು, ಕೊಂದವನು. ಕೆಲವೇ ಎಪಿಸೋಡ್‌ಗಳಲ್ಲಿ ಸಾಯಬೇಕಿದ್ದ ಪಾತ್ರವನ್ನು ಜೇಮ್ಸ್ ಮಾರ್ಸ್ಟರ್ಸ್ ಅಭಿನಯ ಉಳಿಸಿತು. ಆ ಸೀಸನ್‌ನ ಕೊನೆಗೆ ಆತ್ಮ ಕಳೆದುಕೊಂಡು ಕ್ರೂರಿಯಾದ ರಕ್ತಪಿಶಾಚಿ ಏಂಜೆಲ್ (ಆಗ ಅವನು ಏಂಜೆಲಸ್) ಇಡೀ ಲೋಕವನ್ನು ನರಕಕ್ಕೆ ತಳ್ಳಲು ಹೊರಟಾಗ ಸ್ಪೈಕ್ ಬಫಿಯ ಜೊತೆ ಕೈಜೋಡಿಸುತ್ತಾನೆ. ಅವನಿಗೆ ತನ್ನ ಪ್ರೇಯಸಿ ಡ್ರುಸಿಲ್ಲಾ ಮರಳಿ ಬೇಕು, ನಾಯಿ ರೇಸೂ ಮ್ಯಾಂಚೆಸ್ಟರ್ ಯುನೈಟೆಡ್ಡೂ ಇರುವ ಲೋಕ ಉಳಿಯಬೇಕು, ಅಷ್ಟೇ. ಡ್ರುಸಿಲ್ಲಾಳನ್ನು ಎತ್ತಿಕೊಂಡು ಹೊರಡುವಾಗ, ಬಫಿಯ ಜೀವ ಹೋಗುವಂತಿರುವುದನ್ನು ಒಮ್ಮೆ ನೋಡುತ್ತಾನೆ. ನೋಡಿ, ಭುಜ ಹಾರಿಸಿ ಹೋಗಿಬಿಡುತ್ತಾನೆ. ಒಳ್ಳೆಯತನ ಇಲ್ಲಿ ಎಳ್ಳಷ್ಟೂ ಇಲ್ಲ. ಆದರೆ ಈತ ನಾಯಕಿಯ ಪಕ್ಕದಲ್ಲೂ ನಿಲ್ಲಬಲ್ಲ ಎಂಬುದನ್ನು ನೋಡುಗರು ಕಂಡುಬಿಟ್ಟರು.

ನಾಲ್ಕನೇ ಸೀಸನ್‌ನಲ್ಲಿ ಸೇನೆಯ ಗುಪ್ತ ಪಡೆಯೊಂದು ಅವನ ತಲೆಯೊಳಗೆ ಚಿಪ್ ಕೂರಿಸುತ್ತದೆ. ಮನುಷ್ಯರ ಮೇಲೆ ಕೈಮಾಡಿದರೆ ತಲೆ ಸಿಡಿದುಹೋಗುವಷ್ಟು ನೋವು. ದೆವ್ವ, ರಾಕ್ಷಸರನ್ನು ಬಡಿದರೆ ಏನೂ ಆಗದು. ಹಂದಿಯ ರಕ್ತ ಕುಡಿದು ಬದುಕಬೇಕು. ಖಳನನ್ನು ಕೊಲ್ಲದೆ, ತಿದ್ದಲೂ ಹೋಗದೆ, ಕಥೆಯೊಳಗೇ ಇಟ್ಟುಕೊಳ್ಳಲು ಬರಹಗಾರರು ಹೂಡಿದ ಜಾಣ ಉಪಾಯ ಇದು. ಆದರೆ ಚಿಪ್ ತಡೆದದ್ದು ಕೈಯನ್ನು, ಮನಸ್ಸನ್ನಲ್ಲ. ಅದನ್ನು ತೆಗೆಸಿಕೊಳ್ಳುವ ಆಸೆಗೆ ಅದೇ ಸೀಸನ್‌ನಲ್ಲಿ ಆ ಪಡೆಯೇ ಸೃಷ್ಟಿಸಿದ ರಾಕ್ಷಸ ಆಡಂ ಪರ ಸೇರಿ, ಬಫಿಯ ಗೆಳೆಯರಲ್ಲಿ ಒಬ್ಬರ ಮೇಲೊಬ್ಬರಿಗೆ ಚಾಡಿ ಹೇಳಿ ಒಡಕು ತರುತ್ತಾನೆ.

ಐದನೇ ಸೀಸನ್‌ನಲ್ಲಿ ಬಫಿಯ ಮೇಲೆ ಮೋಹ ಹುಟ್ಟಿದಾಗಲೂ ಅವನು ಮಾಡುವುದೇನು? ಅವಳನ್ನು ಸರಪಳಿಯಲ್ಲಿ ಕಟ್ಟಿಹಾಕಿ, ನಿನಗಾಗಿ ಡ್ರುಸಿಲ್ಲಾಳನ್ನೇ ಕೊಲ್ಲುತ್ತೇನೆ ಎನ್ನುವುದು. ಅವಳದೇ ರೂಪದ ರೋಬೋ ಮಾಡಿಸಿಕೊಳ್ಳುವುದು. ಅಸಹ್ಯವೇ ಸರಿ. ಆ ರೋಬೋ ಬರುವ ಎಪಿಸೋಡ್‌ನಲ್ಲೇ ನಿಜವಾದ ತಿರುವೂ ಇದೆ. ಆ ಸೀಸನ್‌ನ ಖಳನಾಯಕಿ ಗ್ಲೋರಿ ಅವನನ್ನು ಹಿಡಿದು ಚಿತ್ರಹಿಂಸೆ ಕೊಡುತ್ತಾಳೆ. ಗ್ಲೋರಿ ಹುಡುಕುತ್ತಿರುವ ‘ಕೀಲಿ’ ಬಫಿಯ ತಂಗಿ ಡಾನ್ ಎಂಬ ಗುಟ್ಟು ಬಿಟ್ಟುಕೊಟ್ಟರೆ ಹಿಂಸೆ ನಿಲ್ಲುತ್ತದೆ. ಬಿಟ್ಟುಕೊಡುವುದಿಲ್ಲ. ಇದು ಬಫಿಗೆ ತಿಳಿಯುತ್ತದೆಂಬ ಭರವಸೆಯೂ ಅವನಿಗಿಲ್ಲ. ಆಮೇಲೆ ಬಫಿಯೇ ರೋಬೋ ವೇಷದಲ್ಲಿ ಬಂದು ಕಾರಣ ಕೇಳಿದಾಗ, ಡಾನ್‌ಗೆ ಏನಾದರೂ ಆದರೆ ಬಫಿ ತಾಳಲಾರಳು ಎನ್ನುತ್ತಾನೆ. ಯಂತ್ರದೆದುರು ಬೂಟಾಟಿಕೆ ಮಾಡಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ಸೀಸನ್ ಕೊನೆಗೆ ಬಫಿ ಸತ್ತ ಮೇಲೆ ಆ ಬೇಸಿಗೆಯಿಡೀ ಅವನು ಡಾನ್‌ಳನ್ನು ನೋಡಿಕೊಂಡದ್ದನ್ನೂ ಇದೇ ಸಾಲಿಗೆ ಸೇರಿಸಬೇಕು. ಆಗಲೂ ಮೆಚ್ಚಿಸಬೇಕಾದವಳು ಇರಲಿಲ್ಲ.

ಇಷ್ಟಕ್ಕೇ ಅವನನ್ನು ಉದ್ಧಾರವಾದವನೆಂದು ಸಾರಿದ್ದರೆ ಕಥೆ ಸಪ್ಪೆಯಾಗುತ್ತಿತ್ತು. ಬರಹಗಾರರು ಅವನನ್ನು ಮತ್ತೆ ಬೀಳಿಸಿದರು. 2002ರ ಮೇ 7ರಂದು ಪ್ರಸಾರವಾದ ಎಪಿಸೋಡ್‌ನಲ್ಲಿ ಅವನು, ಮಾಟದಿಂದ ಮತ್ತೆ ಬದುಕಿ ಬಂದ ಬಫಿಯ ಮೇಲೆ (ಅವಳ ವಿಷಯದಲ್ಲಿ ಈಗ ಚಿಪ್ ಕೆಲಸ ಮಾಡುವುದಿಲ್ಲ) ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಮನಸ್ಸಾಕ್ಷಿಯೇ ಇಲ್ಲದವನ ಪ್ರೀತಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೂ ಗೊತ್ತಾಗುತ್ತದೆ. ಆಫ್ರಿಕಾದ ಗುಹೆಯೊಂದಕ್ಕೆ ಹೋಗಿ, ಪರೀಕ್ಷೆಗಳನ್ನು ಗೆದ್ದು, ರಕ್ತಪಿಶಾಚಿಯಾದಾಗ ಕಳೆದುಕೊಂಡ ತನ್ನ ಆತ್ಮವನ್ನು, ಅಂದರೆ ಮನಸ್ಸಾಕ್ಷಿಯನ್ನು, ಮರಳಿ ಪಡೆಯುತ್ತಾನೆ. ಏಂಜೆಲ್‌ಗೆ ಆತ್ಮ ಬಂದದ್ದು 1898ರಲ್ಲಿ, ಜಿಪ್ಸಿಗಳ ಶಾಪದಿಂದ. ಸ್ಪೈಕ್ ತಾನಾಗಿ ಹುಡುಕಿಕೊಂಡು ಹೋದವನು. ಲೇಖನ ಎತ್ತಬೇಕಿದ್ದ ಮುಖ್ಯ ಸಂಗತಿ ಇದೇ, ಅದೇ ಅದರಲ್ಲಿಲ್ಲ. ಏಳನೇ ಸೀಸನ್‌ನಲ್ಲಿ ಚಿಪ್ ಕೆಟ್ಟಾಗ ಅದನ್ನು ರಿಪೇರಿ ಮಾಡಿಸದೆ ತೆಗೆಸಿಬಿಡುವುದು ಬಫಿಯ ತೀರ್ಮಾನ. ಅಲ್ಲಿಂದ ಮುಂದೆ ಅವನನ್ನು ಹಿಡಿದಿಡುವ ಯಂತ್ರ ಯಾವುದೂ ಇಲ್ಲ.

ಹಳೆಯ ಪಾಪವನ್ನೂ ಸರಣಿ ತೊಳೆದುಹಾಕಲಿಲ್ಲ. ಅವನು ತೊಡುವ ಕಪ್ಪು ಚರ್ಮದ ಕೋಟು, 1977ರಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಅವನೇ ಕೊಂದ ಸ್ಲೇಯರ್ ನಿಕ್ಕಿ ವುಡ್‌ಳ ಮೈಮೇಲಿನಿಂದ ಬಿಚ್ಚಿಕೊಂಡದ್ದು. ಬಫಿಯ ಮೇಲೆ ಎರಗಿದ ರಾತ್ರಿ ಅದು ಅವಳ ಮನೆಯಲ್ಲೇ ಉಳಿಯುತ್ತದೆ. ಆತ್ಮ ಬಂದ ಮೇಲೆ ಬಹಳ ಕಾಲ ಅವನು ಅದನ್ನು ತೊಡುವುದಿಲ್ಲ. ಮತ್ತೆ ತೊಟ್ಟ ಮೇಲೆ ನಿಕ್ಕಿಯ ಮಗ ರಾಬಿನ್ ಸೇಡಿಗೆ ಎದುರು ನಿಲ್ಲುತ್ತಾನೆ. ಸ್ಪೈಕ್ ಕ್ಷಮೆ ಕೇಳುವುದಿಲ್ಲ, ಕೋಟನ್ನೂ ಹಿಂದಿರುಗಿಸುವುದಿಲ್ಲ. ರಾಬಿನ್‌ನ ತಾಯಿಯನ್ನು ತಾನು ಕೊಂದದ್ದಕ್ಕಾಗಿ ಈ ಒಂದು ಸಲ ಅವನ ಜೀವ ಉಳಿಸಿದ್ದೇನೆಂದು ಹೇಳಿ ಹೊರಡುತ್ತಾನೆ. ಈ ಒರಟುತನ ಉಳಿದದ್ದರಿಂದಲೇ 2003ರ ಮೇ 20ರ ಕೊನೆಯ ಎಪಿಸೋಡ್‌ನಲ್ಲಿ ಅವನು ತಾನೇ ಉರಿದು ಸನ್ನಿಡೇಲ್ ಅಡಿಯ ನರಕದ ಬಾಯಿ ಮುಚ್ಚುವುದನ್ನು ನಂಬಲು ಸಾಧ್ಯವಾಗುತ್ತದೆ.

ದೋಷಗಳಿಲ್ಲವೆಂದಲ್ಲ. ಅಷ್ಟು ದೊಡ್ಡ ಅಪರಾಧದ ಬಳಿಕ ಏಳನೇ ಸೀಸನ್‌ನಲ್ಲಿ ಬಫಿಯ ಮನೆಯೊಳಗೆ ಅವನಿಗೆ ಜಾಗ ಸಿಕ್ಕಿದ್ದು ತೀರಾ ಬೇಗ. ಅವನನ್ನು ಉರಿಸುವ ಪದಕವನ್ನು ಏಂಜೆಲ್ ಕಡೆಗಳಿಗೆಯಲ್ಲಿ ತಂದುಕೊಡುವುದೂ ಬರಹಗಾರರ ಅನುಕೂಲಕ್ಕೆ ಆದದ್ದೇ ಹೊರತು ಸ್ಪೈಕ್‌ನ ಕಥೆಯಿಂದ ಹುಟ್ಟಿದ್ದಲ್ಲ.

ಒಟ್ಟು 144 ಎಪಿಸೋಡ್ ನೋಡಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಸ್ಪೈಕ್‌ನ ದಾರಿ ತಿಳಿಯಬೇಕೆನ್ನುವ ಓದುಗರಿಗೆ ಎರಡನೇ ಸೀಸನ್‌ನ 3 ಮತ್ತು 22, ನಾಲ್ಕರ 7, ಐದರ 7 ಮತ್ತು 18, ಆರರ 19 ಮತ್ತು 22, ಏಳರ 2, 17 ಮತ್ತು 22ನೇ ಎಪಿಸೋಡ್‌ಗಳು ಸಾಕು. ಐದರ 18ನ್ನು ಮಾತ್ರ ಬಿಡಬೇಡಿ.

ಇಂತಿ,
ಒಬ್ಬ ಓದುಗ, ಮೈಸೂರು