ಬೀಳುವುದಕ್ಕೂ ಒಂದು ಲೆಕ್ಕವಿದೆ

ಆತ್ಮೀಯರೇ,

ಅಮೆರಿಕದ ಕಾರ್ಟೂನ್ ಚಿತ್ರಗಳ ಸುವರ್ಣಯುಗವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. 1928ರ ಮಿಕ್ಕಿ ಮೌಸ್ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ಯಿಂದ ಹಿಡಿದು ಇಸವಿಗಳನ್ನು ಒಂದೂ ತಪ್ಪದಂತೆ ಜೋಡಿಸಿದ್ದೀರಿ, ಆದರೆ ಆರು ಪುಟ ಮುಗಿದರೂ ನನಗೆ ಒಮ್ಮೆಯೂ ನಗು ಬರಲಿಲ್ಲ. ನಗಿಸುವುದನ್ನೇ ಕಸುಬಾಗಿಸಿಕೊಂಡಿದ್ದವರ ಬಗೆಗಿನ ಬರಹದಲ್ಲಿ ಇದು ಸಣ್ಣ ಕೊರತೆಯಲ್ಲ. ಸಿನಿಮಾ ಬಗ್ಗೆ ಬರೆಯತೊಡಗಿದ ಹೊಸದರಲ್ಲಿ ನಾನೂ ಹೀಗೆಯೇ ಇಸವಿಗಳ ಹಿಂದೆ ಅವಿತುಕೊಳ್ಳುತ್ತಿದ್ದೆನೆಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಅವರ ರೋಡ್ ರನ್ನರ್ ಚಿತ್ರಗಳನ್ನು ನೀವು ‘ಅತ್ಯಂತ ಹಾಸ್ಯಮಯ’ ಎಂದು ಕರೆದು ಮುಂದೆ ಹೋಗಿದ್ದೀರಿ. ಆ ಹಾಸ್ಯ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಜೋನ್ಸ್ ಫ್ರೇಮು ಎಣಿಸಿ ಹೇಳಿದ್ದರು. ರೋಡ್ ರನ್ನರ್ ಎಂಬ ಓಟದ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಬಂಡೆಯಂಚಿನಿಂದ ಬಿದ್ದ ಕಯೋಟಿ, ಅಂದರೆ ತೋಳದಂಥ ಪ್ರಾಣಿ, ಕೆಳಗೆ ಚುಕ್ಕೆಯಾಗಿ ಮರೆಯಾಗಲು 18 ಫ್ರೇಮು, ಆಮೇಲೆ ನೆಲಕ್ಕಪ್ಪಳಿಸಲು 14. ಅದು 13 ಆದರೂ 15 ಆದರೂ ನಗು ಬರುವುದಿಲ್ಲವೆಂಬುದು ಅವರ ಅನುಭವ. ಸೆಕೆಂಡಿಗೆ 24 ಫ್ರೇಮು ಓಡುವ ಫಿಲ್ಮಿನಲ್ಲಿ ಒಂದು ಫ್ರೇಮೆಂದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಇಂಥ ಒಂದು ಲೆಕ್ಕವನ್ನು ಓದುಗರ ಮುಂದೆ ಬಿಡಿಸಿಟ್ಟರೆ ವಿಶೇಷಣಗಳ ಹಂಗೇ ಬೇಕಾಗುವುದಿಲ್ಲ.

ಏಳು ನಿಮಿಷದ ಚಿತ್ರದಲ್ಲಿ ಸುಮಾರು ಹತ್ತು ಸಾವಿರ ಫ್ರೇಮುಗಳಿರುತ್ತವೆ. ಒಂದೊಂದು ರೇಖಾಚಿತ್ರವನ್ನು ಎರಡೆರಡು ಫ್ರೇಮು ತೋರಿಸಿದರೂ ಸಾವಿರಾರು ರೇಖಾಚಿತ್ರಗಳನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳಿಗೆ ಶಾಯಿಯಲ್ಲಿ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಬೇಕಿತ್ತು. ಆ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಪರದೆಯ ಮೇಲೆ ಅವರ ಹೆಸರು ಬರುತ್ತಿದ್ದುದು ಅಪರೂಪ, ನಿಮ್ಮ ಲೇಖನದಲ್ಲಂತೂ ಅವರ ಸುಳಿವೇ ಇಲ್ಲ. 1941ರ ಡಿಸ್ನಿ ಸ್ಟುಡಿಯೊ ಮುಷ್ಕರವನ್ನೂ ‘ಕಹಿ ಘಟನೆ’ ಎಂದು ಅರ್ಧ ವಾಕ್ಯದಲ್ಲಿ ದಾಟಿದ್ದೀರಿ. ಅದೇ ಸ್ಟುಡಿಯೊದ ‘ಸ್ನೋ ವೈಟ್’ ಚಿತ್ರ ಗೆದ್ದು ನಾಲ್ಕು ವರ್ಷ ತುಂಬುವ ಮೊದಲೇ ಕಲಾವಿದರು ಯಾಕೆ ಗೇಟಿನ ಹೊರಗೆ ಫಲಕ ಹಿಡಿದು ನಿಂತರೆಂದು ನೀವು ಕೇಳಿಕೊಂಡಿದ್ದರೆ ಲೇಖನದ ದಿಕ್ಕೇ ಬೇರೆಯಾಗುತ್ತಿತ್ತು.

ಸದ್ಯಕ್ಕೆ ಜೋನ್ಸ್ ಅವರದೇ 1953ರ ಕಾರ್ಟೂನ್ ‘ಡಕ್ ಅಮಕ್’ ಒಂದನ್ನೇ ಎತ್ತಿಕೊಳ್ಳಿ. ಅದರಲ್ಲಿ ಡ್ಯಾಫಿ ಬಾತುಕೋಳಿ ಗಿಟಾರ್ ಮೀಟಿದರೂ ಸದ್ದು ಬರುವುದಿಲ್ಲ. ‘ಸದ್ದು ಕೊಡಿ’ ಎಂದು ಫಲಕ ಎತ್ತಿ ಹಿಡಿದ ಮೇಲೆ ಗಿಟಾರಿನಿಂದ ಮಷೀನ್ ಗನ್ನಿನ ಸದ್ದು ಹೊರಡುತ್ತದೆ. ಆ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕಂಡದ್ದನ್ನಷ್ಟೇ ಒಂದು ಪುಟ ಬರೆದು ಕಳುಹಿಸಿ. ಇಸವಿಗಳನ್ನು ಆಮೇಲೆ ನೋಡಿಕೊಳ್ಳೋಣ.

ನಿಮ್ಮ ವಿಶ್ವಾಸಿ