ಲೋವರ್ ಪರೇಲಿನ ಲಿನನ್ ಅಂಗಿ

ಮಗಳೇ,

ಮುಂಬಯಿಯ ಲೋವರ್ ಪರೇಲಿನ ಆಫೀಸಿನಲ್ಲಿ ಎಲ್ಲರೂ ಲಿನನ್ ತೊಡುತ್ತಾರೆ, ನನಗೂ ಎರಡು ಬೇಕು ಅಂತ ಬರೆದಿದ್ದೀ. ತಗೋ, ಬೇಡ ಅನ್ನುವುದಿಲ್ಲ. ಆದರೆ ಲಿನನ್ ನೇಯುವ ಅಗಸೆ ನಾರಿಗೆ ಹಿಗ್ಗುವ ಗುಣ ಕಡಿಮೆ, ಮಡಚಿದಲ್ಲಿ ಗೆರೆ ಹಾಗೇ ನಿಲ್ಲುತ್ತದೆ. ಚಿಕ್ಕಮ್ಮನ ಮನೆಯಿಂದ ಹೊರಟು, ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ ದಾದರಿನಲ್ಲಿ ಇಳಿಯುವಷ್ಟರಲ್ಲಿ ಅದು ಮುದ್ದೆ. ಎಸಿ ಕಾರಿನಲ್ಲಿ ಬಂದವಳ ಅಂಗಿಯ ಮೇಲೆ ಎರಡೇ ಸುಕ್ಕು. ಜನ ಅವಳದನ್ನು ಸೊಗಸು ಅನ್ನುತ್ತಾರೆ, ನಿನ್ನದನ್ನು ಅಶಿಸ್ತು. ಮಖಮಲಿನಂಥ ಸ್ವೇಡ್ ಚರ್ಮದ ಚಪ್ಪಲಿಯೂ ಅಷ್ಟೇ, ಮಳೆಗಾಲದಲ್ಲಿ ನೀರು ತುಳಿಯಬೇಕಿಲ್ಲದವರದ್ದು. ಈ ಊರಿನಲ್ಲಿ ನೀನು ಯಾವುದರಲ್ಲಿ ಬಂದೆ ಅಂತ ಬಟ್ಟೆಯೇ ಚಾಡಿ ಹೇಳುತ್ತದೆ.

ಲೋಕಲ್ಲಿಗೆ 60 ಪಾಲು ಹತ್ತಿ, 40 ಪಾಲು ಪಾಲಿಯೆಸ್ಟರ್ ಬೆರೆತದ್ದು ವಾಸಿ. ಪಾಲಿಯೆಸ್ಟರ್ ಅರ್ಧ ದಾಟಿದರೆ ಬೆವರು ಹೀರದು, ಸಂಜೆಗೆ ವಾಸನೆ.

ಕೊಳ್ಳುವಾಗ ಅಂಗಿಯ ಒಳಮೈ ಹೊರಗೆ ಮಾಡಿ ನೋಡು. ಇಂಚಿಗೆ ಎಂಟೊಂಬತ್ತು ಹೊಲಿಗೆ ಇದ್ದರೆ ಅವಸರದ ಕೆಲಸ. 14 ದಾಟಿದ್ದರೆ ಕೈ ಒಳ್ಳೆಯದು. ಪಕ್ಕದ ಹೊಲಿಗೆ ಬರೀ ಅಂಚಿಗೆ ದಾರ ಸುತ್ತಿದ ಓವರ್‌ಲಾಕೋ, ಅಂಚು ಮಡಚಿ ಮುಚ್ಚಿದ್ದಾರೋ? ಮುಚ್ಚಿದ್ದೇ ವಾಸಿ. ಚೌಕುಳಿಯಾದರೆ ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡಬೇಕು. ಕೂಡಿಸಲು ಬಟ್ಟೆ ಹೆಚ್ಚು ಬೇಕು, ಅಗ್ಗದವರು ಉಳಿಸುವುದೇ ಅಲ್ಲಿ. ಫ್ಯಾಷನ್ ಸ್ಟ್ರೀಟಿನ ಬೀದಿ ಅಂಗಡಿಗಳ ರಾಶಿಯಲ್ಲಿ ಎಕ್ಸ್‌ಪೋರ್ಟ್ ಮಾಲು ಸಿಕ್ಕರೆ ಲೇಬಲ್ ಕತ್ತರಿಸಿರುತ್ತಾರೆ, ಹೊಲಿಗೆ ಹಾಗೇ ಇರುತ್ತದೆ. ತಿರಸ್ಕಾರವಾದದ್ದೂ ಅದರಲ್ಲಿರುತ್ತದೆ: ಎರಡೂ ತೋಳು ಜೋಡಿಸಿ ಅಳೆ, ಬಣ್ಣವನ್ನು ಬಿಸಿಲಲ್ಲಿ ನೋಡು.

ದೊಡ್ಡ ಲೋಗೋದ ನಕಲಿ ಚೀಲ ಮಾತ್ರ ಬೇಡ. ಅದು ಪಿಯು ಎಂಬ ಪ್ಲಾಸ್ಟಿಕ್ ಲೇಪದ್ದು. ಮುಂಬಯಿಯ ತೇವದಲ್ಲಿ ಕಪಾಟಿನೊಳಗಿದ್ದರೂ ಕೆಲವೇ ವರ್ಷಕ್ಕೆ ಸಿಪ್ಪೆ ಏಳುತ್ತದೆ. ನಿಜವಾದ ಸಿರಿವಂತರ ಚೀಲದಲ್ಲಿ ಹೆಸರು ಹುಡುಕಬೇಕಾಗುತ್ತದೆ, ಗುರುತಿಸುವವರು ಹೊಲಿಗೆಯಲ್ಲೇ ಗುರುತಿಸುತ್ತಾರೆ.

ಸರಕಾರವೂ ಒಂದು ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5 ಜಿಎಸ್‌ಟಿ, ಮೇಲ್ಪಟ್ಟದ್ದಕ್ಕೆ ಶೇ. 18. ಅಂದರೆ ತೆರಿಗೆ ಸೇರದ ಬೆಲೆ 2,500ರದ್ದು 2,625ಕ್ಕೆ ಬರುತ್ತದೆ, 2,600ರದ್ದು 3,068ಕ್ಕೆ. ಬಿಲ್ ಮಾಡಿಸುವ ಮುಂಚೆ ಲೆಕ್ಕ ಹಾಕು. ನೀನು ಹೋಗುವ ಮಾಲ್ ಇರುವುದು ಹಳೆಯ ಫೀನಿಕ್ಸ್ ಬಟ್ಟೆ ಮಿಲ್ಲಿನ ಜಾಗದಲ್ಲಿ. ಅಲ್ಲಿ ನೇಯುತ್ತಿದ್ದವರ ಮನೆಯವರಿಗೆ ಇಂದು ಆ ಅಂಗಡಿಗಳ ಬಾಗಿಲಲ್ಲಿ ಕಾವಲು ಕೆಲಸ ಸಿಕ್ಕರೆ ಹೆಚ್ಚು.

ಲಿನನ್ ಕೊಂಡೆಯಾದರೆ ಮಡಚಬೇಡ. ಸುರುಳಿ ಸುತ್ತಿ ಚೀಲದಲ್ಲಿ ಒಯ್ದು ಆಫೀಸಿನಲ್ಲೇ ತೊಟ್ಟುಕೋ. ಇಸ್ತ್ರಿಗೆ ಕೊಡುವಾಗ ಸ್ವಲ್ಪ ಹಸಿ ಇರುವಾಗಲೇ ಕೊಡು. ಪೂರ್ತಿ ಒಣಗಿದರೆ ಸುಕ್ಕು ಬಿಡುವುದಿಲ್ಲ.

ನಿನ್ನ
ಅಮ್ಮ