ಮಕ್ಕಳ ‘ಜಗತ್ತಿನ ಅತಿಶಯಗಳು’ ವಸ್ತುಪ್ರದರ್ಶನ ಕುರಿತು ಪೋಷಕರಿಗೆ ಪತ್ರ

ಮುಖ್ಯೋಪಾಧ್ಯಾಯರ ಕಚೇರಿ
ಪ್ರೌಢಶಾಲೆ, ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ

ಮಾನ್ಯ ಪೋಷಕರಲ್ಲಿ ವಂದನೆಗಳು.

ಬರುವ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿಯ ವಿದ್ಯಾರ್ಥಿಗಳು ಜಗತ್ತಿನ ಪ್ರಾಕೃತಿಕ ವಿಸ್ಮಯಗಳು ಮತ್ತು ದಾಖಲೆಗಳನ್ನು ಕುರಿತು ವಸ್ತುಪ್ರದರ್ಶನವೊಂದನ್ನು ಏರ್ಪಡಿಸಲಿದ್ದಾರೆ. ಅದರ ಸಿದ್ಧತೆಯಲ್ಲಿ ಮನೆಯವರು ಎಷ್ಟು ಕೈಜೋಡಿಸಬೇಕು, ಎಲ್ಲಿ ಕೈಕಟ್ಟಿ ಕುಳಿತರೆ ಒಳ್ಳೆಯದು ಎಂಬುದನ್ನು ಮೊದಲೇ ತಿಳಿಸುವ ಸಲುವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮಕ್ಕಳು ತಂದ ಕರಡುಗಳಲ್ಲಿ ಹೆಚ್ಚಿನವು ಅತಿ ಎತ್ತರದ ಶಿಖರ ಎವರೆಸ್ಟ್, ಅತಿ ದೊಡ್ಡ ಮರುಭೂಮಿ ಸಹಾರಾ ಎಂಬಂತಹ ಎರಡು ಕಾಲಂಗಳ ಪಟ್ಟಿಗಳಾಗಿದ್ದವು. ಇನ್ನು ಕೆಲವು, ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಣ್ಣದ ಚಾರ್ಟಿನ ಯಥಾಪ್ರತಿ. ಕ್ವಿಜ್ ಸ್ಪರ್ಧೆಗೆ ಇಷ್ಟು ಸಾಕಾದೀತು. ಆದರೆ ಸಹಾರಾ ಎಂದು ಬರೆದ ವಿದ್ಯಾರ್ಥಿಗೆ, ಮರುಭೂಮಿಯೆಂದರೆ ಮಳೆ ತೀರಾ ಕಡಿಮೆ ಬೀಳುವ ಪ್ರದೇಶವೆಂದೂ, ಆ ಲೆಕ್ಕದಲ್ಲಿ ಮೊದಲ ಸ್ಥಾನ ಹಿಮ ಮುಚ್ಚಿದ ಅಂಟಾರ್ಕ್ಟಿಕಾಕ್ಕೆ ಸಲ್ಲುತ್ತದೆಂದೂ, ಸಹಾರಾ ದೊಡ್ಡದಾಗಿರುವುದು ಬಿಸಿ ಮರುಭೂಮಿಗಳ ಸಾಲಿನಲ್ಲಿ ಎಂದೂ ತಿಳಿದಿರಲಿಲ್ಲ. ಆದ್ದರಿಂದ ಶಿಕ್ಷಕರ ಸಭೆಯಲ್ಲಿ ಒಂದು ನಿಯಮವನ್ನು ಮಾಡಿಕೊಂಡಿದ್ದೇವೆ. ಯಾವುದೇ ದಾಖಲೆಯ ಪಕ್ಕದಲ್ಲಿ, ಅದನ್ನು ಎಲ್ಲಿಂದ ಎಲ್ಲಿಯವರೆಗೆ, ಯಾವ ಉಪಕರಣದಿಂದ, ಯಾವ ಷರತ್ತಿಗೆ ಒಳಪಟ್ಟು ಅಳೆದರು ಎಂಬುದನ್ನು ಬರೆದಿರದಿದ್ದರೆ ಆ ಚಾರ್ಟನ್ನು ಗೋಡೆಗೆ ಹಾಕುವುದಿಲ್ಲ.

ಎವರೆಸ್ಟ್ ಎಂಬ ಉತ್ತರವನ್ನೇ ತೆಗೆದುಕೊಳ್ಳೋಣ. ಅದರ ಎತ್ತರ 8,848.86 ಮೀಟರ್ ಎಂದು 2020ರಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ ಘೋಷಿಸಿದವು. ಅದಕ್ಕೂ ಮೊದಲು, ತುದಿಯ ಹಿಮವನ್ನು ಸೇರಿಸಬೇಕೋ ಬಂಡೆಯವರೆಗೆ ಮಾತ್ರ ಅಳೆಯಬೇಕೋ ಎಂಬ ವಿಷಯದಲ್ಲಿ ಈ ಎರಡು ದೇಶಗಳಿಗೆ ಒಮ್ಮತವಿರಲಿಲ್ಲ. ಇನ್ನು, ಈ ಎತ್ತರ ಸಮುದ್ರಮಟ್ಟದಿಂದ ಅಳೆದದ್ದು. ಭೂಮಿಯು ಸಮಭಾಜಕ ವೃತ್ತದ ಬಳಿ ಸ್ವಲ್ಪ ಉಬ್ಬಿರುವುದರಿಂದ, ಭೂಕೇಂದ್ರದಿಂದ ಅಳೆದರೆ ಈಕ್ವೆಡಾರ್ ದೇಶದ ಚಿಂಬೊರಾಜೊ ಶಿಖರವು, ಸಮುದ್ರಮಟ್ಟದಿಂದ ಕೇವಲ 6,263 ಮೀಟರ್ ಎತ್ತರವಿದ್ದರೂ, ಎವರೆಸ್ಟಿಗಿಂತ ಸುಮಾರು ಎರಡು ಕಿಲೋಮೀಟರ್ ಹೆಚ್ಚು ದೂರದಲ್ಲಿದೆ. ಬುಡದಿಂದ ತುದಿಗೆ ಅಳೆಯುವುದಾದರೆ, ಹೆಚ್ಚಿನ ಪಾಲು ಸಮುದ್ರದಲ್ಲಿ ಮುಳುಗಿರುವ ಹವಾಯಿಯ ಮೌನಾ ಕೆಯಾ ಎವರೆಸ್ಟನ್ನು ಹಿಂದಿಕ್ಕುತ್ತದೆ. ಹಾಗಾಗಿ ಮೂವರು ಮಕ್ಕಳು ಮೂರು ಬೇರೆ ಬೇರೆ ಉತ್ತರಗಳನ್ನು ತಂದರೂ, ಅಳತೆಯನ್ನು ಸರಿಯಾಗಿ ಹೇಳಬಲ್ಲರಾದರೆ, ಮೂವರಿಗೂ ಪೂರ್ತಿ ಅಂಕ ಕೊಡುವಂತೆ ಸಮಾಜ ವಿಜ್ಞಾನದ ಶಿಕ್ಷಕರಿಗೆ ತಿಳಿಸಿದ್ದೇನೆ.

ದಾಖಲೆಯೊಂದು ತೊಂಬತ್ತು ವರ್ಷ ಮೆರೆದು ಬಿದ್ದುಹೋದ ಪ್ರಸಂಗವೂ ಇದೆ. ಲಿಬಿಯಾದ ಎಲ್ ಅಜೀಜಿಯಾ ಎಂಬಲ್ಲಿ 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ ಸೆಲ್ಸಿಯಸ್ ದಾಖಲಾಯಿತೆಂದು ಹಳೆಯ ಪುಸ್ತಕಗಳೆಲ್ಲ ಬರೆದವು. ತಮ್ಮಲ್ಲಿ ಹಲವರು ಪರೀಕ್ಷೆಗೆ ಅದನ್ನೇ ಓದಿರಬಹುದು. ವಿಶ್ವ ಹವಾಮಾನ ಸಂಸ್ಥೆಯು ತಜ್ಞರ ಸಮಿತಿಯಿಂದ ಇದನ್ನು ಪರಿಶೀಲಿಸಿ, 2012ರ ಸೆಪ್ಟೆಂಬರ್ 13ರಂದೇ ದಾಖಲೆಯನ್ನು ರದ್ದುಗೊಳಿಸಿತು. ಅಂದು ಬಳಸಿದ ಉಷ್ಣಮಾಪಕದ ಗಾಜಿನ ನಳಿಕೆಯೊಳಗೆ, ಪಾದರಸವು ತಳ್ಳಿದಂತೆ ಮೇಲೇರಿ ನಿಲ್ಲುವ ಚಿಕ್ಕದೊಂದು ಕಡ್ಡಿ ಇರುತ್ತದೆ. ದಿನದ ಗರಿಷ್ಠ ಉಷ್ಣತೆಯನ್ನು ಆ ಕಡ್ಡಿಯ ಕೆಳತುದಿಯಲ್ಲಿ ಓದಬೇಕು. ಕೆಲಸಕ್ಕೆ ಹೊಸಬರಾದ ವೀಕ್ಷಕರು ಮೇಲ್ತುದಿಯಲ್ಲಿ ಓದಿರುವ ಸಂಭವವಿದೆಯೆಂದೂ, ಅದರಿಂದ ಸುಮಾರು ಏಳು ಡಿಗ್ರಿಗಳಷ್ಟು ಹೆಚ್ಚು ಬರೆದಿರಬಹುದೆಂದೂ ಸಮಿತಿ ತೀರ್ಮಾನಿಸಿತು. ಈಗ ಆ ಸ್ಥಾನದಲ್ಲಿರುವುದು ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ. ಅದರ ಬಗೆಗೂ ಕೆಲವು ಹವಾಮಾನ ತಜ್ಞರಿಗೆ ಅನುಮಾನವಿದೆ. ಪ್ರಯೋಗಾಲಯದಲ್ಲಿ ಉಷ್ಣಮಾಪಕ ಹಿಡಿದಾಗಲೆಲ್ಲ ಅವಸರಪಡುವ ಮಕ್ಕಳಿಗೆ ಈ ಪ್ರಸಂಗವನ್ನು ಮನೆಯಲ್ಲೂ ಒಮ್ಮೆ ಹೇಳಿದರೆ ನನಗೆ ಸಂತೋಷ.

ಈ 56.7 ಎಂಬುದು ನೆರಳಿನಲ್ಲಿ, ನೆಲದಿಂದ ಸುಮಾರು ಆಳೆತ್ತರದಲ್ಲಿ ಅಳೆದ ಗಾಳಿಯ ಉಷ್ಣತೆ. ಬಿಸಿಲಿಗೆ ಕಾದ ಮರಳು ಅದಕ್ಕಿಂತ ಹೆಚ್ಚು ಸುಡುತ್ತದೆ, ಭೂಮಿಯ ಒಳಗಿನ ಬಂಡೆಯೂ ಅಷ್ಟೇ. ಇಲ್ಲಿ ನಮ್ಮ ನೆರೆಯ ಕೆಜಿಎಫ್‌ನ ಪ್ರಸ್ತಾಪ ಬರುತ್ತದೆ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯು ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅದರ ತಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ ಇತ್ತು. ಕೆಜಿಎಫ್‌ನ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದನ್ನು ಕಳೆದರೂ, ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ ಬರುತ್ತದೆ. ಭೂಮಿಯ ಅತಿ ತಗ್ಗಿನ ತೆರೆದ ನೆಲವೆನಿಸಿದ ಮೃತ ಸಮುದ್ರದ ದಂಡೆಯಾದರೋ ಸಮುದ್ರಮಟ್ಟದಿಂದ ಸುಮಾರು 430 ಮೀಟರ್ ಮಾತ್ರ ಕೆಳಗಿದೆ. ಹಲವು ಮಕ್ಕಳು ಊರಿನ ಅಭಿಮಾನದಿಂದ ‘ಪ್ರಪಂಚದ ಅತಿ ಆಳದ ಗಣಿ ನಮ್ಮದೇ’ ಎಂದು ಬರೆದಿದ್ದರು. ಅದನ್ನು ತಿದ್ದಬೇಕಾಯಿತು. ದಕ್ಷಿಣ ಆಫ್ರಿಕದ ಎಂಪೊನೆಂಗ್ ಚಿನ್ನದ ಗಣಿ ನಾಲ್ಕು ಕಿಲೋಮೀಟರಿನ ಹತ್ತಿರಕ್ಕೆ ಹೋಗಿದೆ. ನಮ್ಮದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿದ್ದು, 2001ರ ಫೆಬ್ರವರಿ 28ರಂದು ಮುಚ್ಚಿದ್ದು. ಮನುಷ್ಯರು ಇಳಿಯಲಾಗದ ಕೊರೆತಗಳನ್ನೂ ಲೆಕ್ಕಕ್ಕೆ ಹಿಡಿದರೆ, ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ 12,262 ಮೀಟರ್ ಆಳದ ರಂಧ್ರದ ಎದುರು ಎಲ್ಲ ಗಣಿಗಳೂ ಚಿಕ್ಕವೇ.

ಆದರೂ ಕೆಜಿಎಫ್‌ಗೆ ಪ್ರದರ್ಶನದಲ್ಲಿ ಒಂದು ಇಡೀ ಮೇಜನ್ನು ಕೊಡಲಿದ್ದೇವೆ, ಏಕೆಂದರೆ ಆಳದಿಂದ ಏನು ಪ್ರಯೋಜನವಾಯಿತು ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಬೇರೊಂದು ಸಿಗಲಿಕ್ಕಿಲ್ಲ. ಬಂಡೆಯನ್ನೂ ಸರಾಗವಾಗಿ ತೂರಿಹೋಗುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಗುರುತಿಸಬೇಕಾದರೆ, ಆಕಾಶದಿಂದ ಎಡೆಬಿಡದೆ ಸುರಿಯುವ ಇತರ ಕಣಗಳನ್ನು ತಡೆಯಲು ದಪ್ಪ ಬಂಡೆಯ ಹೊದಿಕೆ ಬೇಕೆಂದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಂದಿಗೆ ಇಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಇರಿಸಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಅವರಿಗೆ 1965ರಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಮತ್ತೊಂದು ತಂಡಕ್ಕೂ ಅದು ಸಿಕ್ಕಿತ್ತು. ಘಟನೆಯನ್ನು ಮೊದಲು ಕಂಡವರು ಅವರು, ಪತ್ರಿಕೆಯಲ್ಲಿ ಮೊದಲು ಪ್ರಕಟಿಸಿದವರು ಕೆಜಿಎಫ್ ತಂಡದವರು. ‘ಮೊದಲು’ ಯಾರೆಂದು ಒಂಬತ್ತನೇ ತರಗತಿಯವರು ಚರ್ಚಾಸ್ಪರ್ಧೆ ಮಾಡಲಿದ್ದಾರೆ. ನಾನಂತೂ ತೀರ್ಪುಗಾರನಾಗಲು ಒಪ್ಪಿಲ್ಲ.

ಈ ಮೇಜಿಗೆ ತಮ್ಮ ನೆರವು ಬೇಕು. ಮನೆಯಲ್ಲಿ ಗಣಿಯ ಕೆಲಸ ಮಾಡಿದ ತಾತಂದಿರಿದ್ದರೆ, ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿಯುವಾಗ ಕಿವಿಗೆ ಏನಾಗುತ್ತಿತ್ತು, ತಳದಲ್ಲಿ ಸೆಖೆ ಹೇಗಿತ್ತು, ಬಂಡೆ ಸಿಡಿಯುವ ಸೂಚನೆ ಹೇಗೆ ತಿಳಿಯುತ್ತಿತ್ತು ಎಂಬುದನ್ನು ಮಕ್ಕಳಿಗೆ ಹೇಳುವಂತೆ ಅವರನ್ನು ಕೇಳಿಕೊಳ್ಳಿ. ಮಾತು ತಮಿಳಿನಲ್ಲೋ ತೆಲುಗಿನಲ್ಲೋ ಆದರೆ ಅಡ್ಡಿಯಿಲ್ಲ. ಮಕ್ಕಳು ಕೇಳಿದ್ದನ್ನು ಕನ್ನಡದಲ್ಲಿ ಬರೆದು ತರಲಿ. ಆದರೆ ಫೋಟೋ ತೆಗೆಯುವ ಹುಮ್ಮಸ್ಸಿನಲ್ಲಿ ಹಳೆಯ ಶಾಫ್ಟುಗಳ ಹತ್ತಿರವಾಗಲಿ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳ ಮೇಲಾಗಲಿ ಮಕ್ಕಳು ಹೋಗಕೂಡದು. ದೊಡ್ಡವರು ಜೊತೆಗಿದ್ದರೂ ಇದಕ್ಕೆ ಶಾಲೆಯ ಅನುಮತಿ ಇಲ್ಲ.

ಇನ್ನೊಂದು ಕೆಲಸ ಈಗಿನಿಂದಲೇ ಆರಂಭವಾಗಬೇಕು. ಮೇಘಾಲಯದ ಚಿರಾಪುಂಜಿಯಲ್ಲಿ 1860ರ ಆಗಸ್ಟಿನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ 26 ಮೀಟರಿಗೂ ಹೆಚ್ಚು ಮಳೆ ಬಿತ್ತು; ಅದು ಇಂದಿಗೂ ವಿಶ್ವದಾಖಲೆ. ವಾರ್ಷಿಕ ಸರಾಸರಿಯಲ್ಲಿ ಮಾತ್ರ ಅದರ ನೆರೆಯ ಮೌಸಿನ್ರಾಮ್ ಮುಂದಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಮುಕ್ಕಾಲು ಮೀಟರಿನ ಆಸುಪಾಸು. ಇಷ್ಟು ಮಳೆ ಬಿದ್ದೂ ಚಿರಾಪುಂಜಿಯವರು ಚಳಿಗಾಲದಲ್ಲಿ ಕುಡಿಯುವ ನೀರಿಗೆ ಪರದಾಡುತ್ತಾರೆಂದರೆ, ಬೋರ್‌ವೆಲ್ ಬತ್ತುವುದನ್ನು ಕಂಡಿರುವ ನಮ್ಮ ಮಕ್ಕಳಿಗೆ ಅದರ ಕಾರಣವನ್ನು ಹುಡುಕುವ ಆಸಕ್ತಿ ತಾನಾಗಿಯೇ ಬರುತ್ತದೆ. ಅದಕ್ಕೆಂದು ಪ್ರತಿ ವಿದ್ಯಾರ್ಥಿಯೂ ಮನೆಯಲ್ಲಿ ಮಳೆಮಾಪಕವೊಂದನ್ನು ಇಡಬೇಕು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕೊಯ್ದು, ಆ ಭಾಗವನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿದರೆ ಆಯಿತು. ಬಾಟಲಿಯ ತಳ ಸಮನಾಗಿರುವುದಿಲ್ಲವಾದ್ದರಿಂದ, ಗೋಡೆ ನೇರವಾಗುವ ಮಟ್ಟದವರೆಗೆ ಮೊದಲೇ ನೀರು ತುಂಬಿ ಅಲ್ಲಿ ಸೊನ್ನೆಯ ಗುರುತು ಹಾಕಬೇಕು. ತಾರಸಿಯ ಅಂಚಿಗೆ, ಮರದ ಕೆಳಗೆ ಇಡುವಂತಿಲ್ಲ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ ಎಂಟೂವರೆಗೆ ಓದಿ, ಮಿಲಿಮೀಟರಿನಲ್ಲಿ ಬರೆದು, ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಮಳೆ ಬಾರದ ದಿನವೂ 0 ಎಂದು ಬರೆಯುವುದು ಕಡ್ಡಾಯ. ಆ ಪುಸ್ತಕವನ್ನು ಮಗುವಿನ ಬದಲು ತಾವು ತುಂಬಬಾರದೆಂದು ವಿಶೇಷವಾಗಿ ವಿನಂತಿಸುತ್ತೇನೆ.

ಮರಗಳ ವಿಭಾಗಕ್ಕೆ ಎಂಟನೇ ತರಗತಿಯವರು ಆಗಲೇ ಚೆನ್ನಾಗಿ ದುಡಿದಿದ್ದಾರೆ. ಎತ್ತರದಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 116 ಮೀಟರಿನ ಹೈಪೀರಿಯನ್, ಕಾಂಡದ ಗಾತ್ರದಲ್ಲಿ ಅಲ್ಲಿನದೇ ಜನರಲ್ ಶೆರ್ಮನ್, ಹರವಿನಲ್ಲಿ ಬಾಗೇಪಲ್ಲಿಯ ಆಚೆ ಆಂಧ್ರದ ಕದಿರಿ ಬಳಿಯ ತಿಮ್ಮಮ್ಮ ಆಲದ ಮರ ಎಂದು ಅವರೇ ವಿಂಗಡಿಸಿದ್ದಾರೆ. ಬಂಡೆಗಳ ವಿಭಾಗದಲ್ಲೂ ಇದೇ ಬಗೆಯ ಕೆಲಸವಿದೆ. ಅತಿ ಹಳೆಯ ಖನಿಜದ ಹರಳು ಆಸ್ಟ್ರೇಲಿಯಾದ್ದು, ಸುಮಾರು 440 ಕೋಟಿ ವರ್ಷದ್ದು. ಬಂಡೆಯಾಗಿ ಉಳಿದಿರುವ ಅತಿ ಹಳೆಯವುಗಳಲ್ಲಿ ಕೆನಡಾದ ಅಕಾಸ್ಟಾ ನೈಸ್ ಸುಮಾರು 400 ಕೋಟಿ ವರ್ಷದ್ದು. ಕೋಲಾರದ ಚಿನ್ನ ಅಡಗಿದ್ದ ಬಂಡೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಮನೆಯ ಸುತ್ತ ಸಿಗುವ ಕಲ್ಲಿನ ಒಂದು ಮುಷ್ಟಿಗಾತ್ರದ ತುಂಡನ್ನು, ಸಿಕ್ಕಿದ ಜಾಗದ ಹೆಸರು ಬರೆದ ಚೀಟಿಯೊಂದಿಗೆ, ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿ.

ಚಾರ್ಟ್ ಹಾಳೆ, ಬಣ್ಣ, ಅಂಟುಗಳನ್ನು ಶಾಲೆಯೇ ಒದಗಿಸುತ್ತದೆ. ಇದಕ್ಕಾಗಿ ಯಾರೂ ಹಣ ಖರ್ಚು ಮಾಡಬೇಕಾಗಿಲ್ಲ, ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಕಾಗಿಯೂ ಇಲ್ಲ. ಗಣಿಯಲ್ಲಿ ದುಡಿದ ಹಿರಿಯರು ಪ್ರದರ್ಶನದ ದಿನ ಶಾಲೆಗೆ ಬಂದು ಮಾತನಾಡಲು ಒಪ್ಪಿದರೆ, ಅವರ ಹೆಸರನ್ನು ಕೆಳಗಿನ ಚೀಟಿಯಲ್ಲಿ ಬರೆದು ತರಗತಿ ಶಿಕ್ಷಕರಿಗೆ ದಸರಾ ರಜೆಗೆ ಮೊದಲು ತಲುಪಿಸಬೇಕು. ಅವರನ್ನು ಮನೆಯಿಂದ ಕರೆತಂದು ಮತ್ತೆ ಬಿಡುವ ವ್ಯವಸ್ಥೆಯನ್ನು ಎಸ್‌ಡಿಎಂಸಿ ಸದಸ್ಯರು ನೋಡಿಕೊಳ್ಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು